ಹತ್ತನೆಯ ದಿನಕ್ಕೆ ಕಥೆ ಮುಗಿಸಬೇಡಿ

ಪ್ರಿಯ ಮಿತ್ರರೇ,

ನಿಮ್ಮ ‘ಮರುಹುಟ್ಟು’ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಪ್ರಕಟಿಸೋಣ ಅನ್ನಿಸಿತು, ಎರಡನೆಯ ಸಲ ಸಿಟ್ಟು ಬಂತು. ಈಗಿರುವ ರೂಪದಲ್ಲಿ ಇದನ್ನು ಹಾಕಿಕೊಳ್ಳಲಾರೆ. ಹಾಗೆಂದು ಎರಡು ಸಾಲಿನ ವಿಷಾದ ಬರೆದು ಕೈತೊಳೆದುಕೊಳ್ಳುವಂಥ ಕಥೆಯೂ ಇದಲ್ಲ.

ಕಲಬುರಗಿಯ ಗಂಜಿನಲ್ಲಿ ತೊಗರಿ ಚೀಲ ಹೊರುವ ಹಮಾಲ ಬಸವರಾಜ ಬೆನ್ನುನೋವಿಗೆಂದು ಯಾರೋ ಕೊಟ್ಟ ಟ್ರಮಡಾಲ್ ಎಂಬ ಅಫೀಮು ವರ್ಗದ ನೋವಿನ ಗುಳಿಗೆಗೆ ಅಂಟಿಕೊಳ್ಳುತ್ತಾನೆ. ಎರಡು ವರ್ಷದಲ್ಲಿ ದಿನಕ್ಕೆ ಒಂದು ಇದ್ದದ್ದು ಹನ್ನೆರಡಾಗುತ್ತದೆ. ಅಕ್ಕ ಆಸ್ಪತ್ರೆಗೆ ಸೇರಿಸುತ್ತಾಳೆ. ಹತ್ತು ದಿನ ನರಳಿ ಹೊರಬಂದವನು ಶರಣಬಸವೇಶ್ವರರ ತೇರಿಗೆ ಉತ್ತತ್ತಿ ಎಸೆದು ಆಣೆ ಮಾಡುತ್ತಾನೆ, ಮದುವೆಯಾಗುತ್ತಾನೆ. ಒಂದು ಸಂಜೆ ಗೆಳೆಯನ ಮಾತಿಗೆ ಸೋತು ಮತ್ತೆ ಹನ್ನೆರಡು ಗುಳಿಗೆ ನುಂಗಿ ಸುಖವಾಗಿ ಮಲಗುತ್ತಾನೆ. ಬೆಳಿಗ್ಗೆ ಹೆಂಡತಿಯ ಕಣ್ಣೀರು ಕಂಡು ಶಾಶ್ವತವಾಗಿ ಬದಲಾಗುತ್ತಾನೆ. ಇಷ್ಟು ನಿಮ್ಮ ಕಥೆ.

ಮೆಚ್ಚಿದ್ದನ್ನು ಮೊದಲು ಹೇಳುತ್ತೇನೆ. ಗುಳಿಗೆ ನಿಂತ ಮೊದಲ ರಾತ್ರಿ ಬಸವರಾಜ ಒಂದೇ ಸಮನೆ ಆಕಳಿಸುತ್ತಾನೆ. ಮಗನಿಗೆ ನಿದ್ದೆ ಬಂದಿದೆ ಎಂದುಕೊಂಡು ತಾಯಿ ಹಾಸಿಗೆ ಹಾಸುತ್ತಾಳೆ. ಆಕಳಿಕೆ ಅದೆಷ್ಟು ಬಂದರೂ ನಿದ್ದೆ ಮಾತ್ರ ಇಲ್ಲ. ಸುರಿಯುವ ಮೂಗು, ಚೈತ್ರದ ಸೆಕೆಯಲ್ಲಿ ಮೈಮೇಲೆ ಎದ್ದ ಮುಳ್ಳು, ಹೊಟ್ಟೆಯ ನುಲಿತ, ಎಲ್ಲವೂ ಸರಿಯಾಗಿವೆ. ಇದನ್ನು ಹತ್ತಿರದಿಂದ ಕಂಡವರು ಮಾತ್ರ ಹೀಗೆ ಬರೆಯಬಲ್ಲರು. ಒಂದೇ ತಕರಾರು: ಗಂಜಿನ ಹಮಾಲ ತಾಯಿಯನ್ನು ‘ಅಮ್ಮ’ ಎಂದು ಕರೆಯುವುದನ್ನು ನಾನು ಕೇಳಿಲ್ಲ. ‘ಅವ್ವ’ ಎನ್ನಲಿ ಬಿಡಿ.

ಇನ್ನು ತಪ್ಪುಗಳು. ಕಥೆಯ ಮೊದಲ ಸಾಲಿನಲ್ಲೇ ದೇಶದಲ್ಲಿ 2.26 ಕೋಟಿ ಜನ ಅಫೀಮು ವರ್ಗದ ವಸ್ತುಗಳನ್ನು ಬಳಸುತ್ತಾರೆ ಎಂಬ 2019ರ ಸಮೀಕ್ಷಾ ವರದಿಯ ಅಂಕಿ ಇಟ್ಟಿದ್ದೀರಿ. ಅಂಕಿ ಸರಿ, ಜಾಗ ತಪ್ಪು. ಓದುಗನಿಗೆ ಆ 2.26 ಕೋಟಿಯಲ್ಲಿ ಒಬ್ಬ ಸಾಕು. ಬಸವರಾಜ 2021ರಲ್ಲಿ ಪೆಪ್ಪರಮೆಂಟು ಕೊಂಡಂತೆ ಟ್ರಮಡಾಲ್ ಕೊಳ್ಳುತ್ತಾನೆ. ಆ ಗುಳಿಗೆ 2018ರ ಏಪ್ರಿಲ್‌ನಲ್ಲೇ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಹಾಗಿದ್ದರೆ ಚೀಟಿ ಇಲ್ಲದೆ ಕೊಟ್ಟವನು ಯಾರು, ಎಷ್ಟು ಹೆಚ್ಚು ಕೇಳಿದ, ಕೊಡುವಾಗ ಯಾವ ಕಡೆ ನೋಡುತ್ತಿದ್ದ? ಕಥೆ ಇರುವುದು ಅಲ್ಲಿ.

ಆಸ್ಪತ್ರೆಯ ಎರಡನೆಯ ದಿನವೇ ನಿಮ್ಮ ವೈದ್ಯರು ನಾಲ್ಟ್ರೆಕ್ಸೋನ್ ಕೊಡುತ್ತಾರೆ. ಅಯ್ಯೋ! ಅದು ಮಾದಕದ ಪರಿಣಾಮವನ್ನು ತಡೆಯುವ ಗುಳಿಗೆ. ಮೈಯಲ್ಲಿ ಇನ್ನೂ ಅಂಶ ಉಳಿದಿರುವಾಗ ಕೊಟ್ಟರೆ ನರಳಾಟ ಒಮ್ಮೆಗೇ ನೂರ್ಮಡಿಸುತ್ತದೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಏನೂ ಮುಟ್ಟದೆ ಇದ್ದ ಮೇಲೆಯೇ ಅದನ್ನು ಆರಂಭಿಸುತ್ತಾರೆ.

ನನಗೆ ಸಿಟ್ಟು ಬಂದದ್ದು ಇದಕ್ಕಲ್ಲ, ಆ ‘ಸುಖವಾಗಿ ಮಲಗಿದ’ ಎಂಬ ಸಾಲಿಗೆ. ಬಿಟ್ಟು ಕೆಲವು ವಾರವಾದರೆ ದೇಹದ ತಾಳಿಕೆ ಇಳಿದಿರುತ್ತದೆ. ಹಿಂದೆ ಹನ್ನೆರಡನ್ನು ತಡೆದುಕೊಂಡ ಮೈ ಈಗ ಅಷ್ಟನ್ನೇ ತಡೆಯುವುದಿಲ್ಲ. ಉಸಿರು ನಿಧಾನವಾಗುತ್ತ ನಿಂತೇ ಹೋಗಬಹುದು. ಟ್ರಮಡಾಲ್ ಹೆಚ್ಚಾದರೆ ಮೂರ್ಛೆ ಬರುವ ಅಪಾಯ ಬೇರೆ, ಜೊತೆಗೆ ಹೆಂಡ ಸೇರಿದರೆ ಇನ್ನೂ ಕೆಟ್ಟದ್ದು. ಚಟ ಜೋರಾಗಿದ್ದ ದಿನಗಳಿಗಿಂತ ಬಿಟ್ಟು ಮನೆಗೆ ಬಂದ ಮೊದಲ ವಾರಗಳಲ್ಲೇ ಸಾವು ಹತ್ತಿರವಿರುವುದು ಈ ಕಾರಣಕ್ಕೆ. ನಿಮ್ಮ ಕಥೆಯನ್ನು ಇಂಥ ಮನೆಯವರೊಬ್ಬರು ಓದಿ, ಮಲಗಿದವನು ಬೆಳಿಗ್ಗೆ ಏಳುತ್ತಾನೆ ಎಂದು ಬಾಗಿಲು ಮುಂದೆ ಮಾಡಿ ಹೋದರೆ? ಬಸವರಾಜನನ್ನು ಸಾಯಿಸಿ ಎನ್ನುತ್ತಿಲ್ಲ. ಆ ರಾತ್ರಿ ಅಕ್ಕ ಅವನ ಉಸಿರು ಎಣಿಸುತ್ತ, ಆಂಬುಲೆನ್ಸ್‌ಗೆ ಕಾಯುತ್ತ ಕೂತಿರಲಿ.

ಅವನು ಯಾಕೆ ಮತ್ತೆ ನುಂಗಿದ ಎಂಬುದಕ್ಕೆ ನಿಮ್ಮ ಉತ್ತರ ‘ಮನಸ್ಸು ಗಟ್ಟಿಯಿರಲಿಲ್ಲ’. ಇದು ಉತ್ತರವಲ್ಲ, ನೆರೆಮನೆಯವರ ಮಾತು. ಮೂರನೆಯ ಪುಟದ ನಂತರ ನಿಮ್ಮ ಬಸವರಾಜನಿಗೆ ಬೆನ್ನೇ ಇಲ್ಲ! ಅವನು ಅದೇ ಗಂಜಿಗೆ ಹೋಗುತ್ತಾನೆ, ಅದೇ ಚೀಲ ಹೊರುತ್ತಾನೆ, ಮೊದಲ ಗುಳಿಗೆ ನುಂಗಿಸಿದ ನೋವು ಅಲ್ಲೇ ಇರಬೇಕಲ್ಲ? ನಿದ್ದೆ ತಿಂಗಳುಗಟ್ಟಲೆ ನೆಟ್ಟಗಾಗುವುದಿಲ್ಲ. ಕರೆಂಟು ಹೋದ ಮೇ ತಿಂಗಳ ರಾತ್ರಿ, ಮಾಳಿಗೆಯ ಮೇಲೆ ಎಲ್ಲರೂ ಮಲಗಿರುವಾಗ ಅವನೊಬ್ಬ ಎದ್ದು ಕೂತು ಏನು ಮಾಡುತ್ತಾನೆ? ವಾರದ ಬಟವಾಡೆ ಜೇಬಿನಲ್ಲಿದೆ, ಮಾರುವವನ ನಂಬರು ಮೊಬೈಲಿನಲ್ಲಿ ಇನ್ನೂ ಅಳಿಸಿಲ್ಲ. ಅವನು ಮರಳಿ ಜಾರುವುದು ಗುಳಿಗೆ ಬಾಯಿಗೆ ಹಾಕಿಕೊಂಡಾಗ ಅಲ್ಲ, ಮನೆಗೆ ಬರುವಾಗ ಸುತ್ತುದಾರಿ ಹಿಡಿದ ಸಂಜೆಯೇ. ನಾನು ಜರ್ದಾ ಬಿಟ್ಟು ಒಂಬತ್ತು ವರ್ಷವಾಯಿತು. ಅದನ್ನು ಇದಕ್ಕೆ ಹೋಲಿಸುವಂತಿಲ್ಲ, ಗೊತ್ತು; ಆದರೂ ಊಟವಾದ ಮೇಲೆ ಕೈ ಇವತ್ತಿಗೂ ಅಂಗಿಯ ಜೇಬಿಗೆ ಹೋಗುತ್ತದೆ. ಎರಡು ವರ್ಷ ಆ ಪಾನ್ ಅಂಗಡಿಯ ಬೀದಿಯಲ್ಲೇ ನಾನು ಹಾಯಲಿಲ್ಲ.

ಈ ಚಟದ ಚಿಕಿತ್ಸೆಗೆ ಕೊಡುವ, ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆಯ ಬಗ್ಗೆ ನಿಮ್ಮ ಪಾತ್ರವೊಂದು ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ’ ಎನ್ನುತ್ತದೆ. ಊರಿನಲ್ಲಿ ಹಾಗನ್ನುವವರು ಇದ್ದಾರೆ, ಆ ಮಾತು ಇರಲಿ. ವೈದ್ಯರೂ ತಲೆಯಾಡಿಸುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅದನ್ನೂ ಅಂಥದ್ದೇ ಔಷಧವಾದ ಮೆಥಡೋನನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ವೈದ್ಯರ ಕಣ್ಗಾವಲಿನಲ್ಲಿ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮರಳಿ ಜಾರುವವರೂ ಸಾಯುವವರೂ ಕಡಿಮೆ. ಕಥೆಗಾರರಿಗೆ ಅದರಲ್ಲಿ ಇನ್ನೊಂದು ಲಾಭವಿದೆ: ಗುಳಿಗೆ ಕರಗುವವರೆಗೆ ನುಂಗುವಂತಿಲ್ಲ, ಮಾತಾಡುವಂತಿಲ್ಲ. ಅಕ್ಕ ತಮ್ಮ ಎದುರುಬದುರು ಸುಮ್ಮನೆ ಕೂತ ಆ ಕೆಲವು ನಿಮಿಷ! ನಾನು ನೀವಾಗಿದ್ದರೆ ಕಥೆಯನ್ನು ಅಲ್ಲಿಂದಲೇ ಆರಂಭಿಸುತ್ತಿದ್ದೆ.

ಮದುವೆಯ ಭಾಗವನ್ನು ಪೂರ್ತಿ ತೆಗೆಯಿರಿ. ಕಟ್ಟಿಹಾಕಿದರೆ ಸರಿಹೋಗುತ್ತಾನೆ ಎಂಬುದು ನಮ್ಮ ಕಡೆಯ ಹಳೆಯ ಔಷಧ. ಕಹಿ ಮಾತ್ರ ಹುಡುಗಿಯ ಪಾಲಿಗೆ. ಇಡೀ ಕಥೆಯಲ್ಲಿ ನೀವು ಆಕೆಗೊಂದು ಹೆಸರನ್ನೂ ಇಟ್ಟಿಲ್ಲ. ತೇರಿನ ದೃಶ್ಯ ಇರಲಿ. ಆದರೆ ಆಣೆ ಮಾಡಿದವನು ಜಾರಿದ ಮೇಲೆ ಯಾರಿಗೂ ಹೇಳಲಾರದೆ ಬಾಗಿಲು ಹಾಕಿಕೊಳ್ಳುತ್ತಾನೆ ಎಂಬುದನ್ನು ನೆನಪಿಡಿ. ಒಮ್ಮೆ ತಪ್ಪಿದ್ದನ್ನು ಅಕ್ಕನಿಗೆ ಹೇಳಬಲ್ಲನೇ ಇಲ್ಲವೇ ಎಂಬುದರ ಮೇಲೆ ನಿಮ್ಮ ಕೊನೆಯ ಪುಟ ನಿಲ್ಲಬಹುದು.

ವೈದ್ಯರ ಬಾಯಲ್ಲಿ ಸಹಾಯವಾಣಿಯ ಸಂಖ್ಯೆ ಹೇಳಿಸಬೇಡಿ. ಮಾದಕ ವ್ಯಸನಕ್ಕೆ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಎಂದು ಪುಟದ ಕೆಳಗೆ ನಾವೇ ಅಚ್ಚು ಹಾಕುತ್ತೇವೆ.

ತಿದ್ದಿದ ಪ್ರತಿ ತೊಗರಿ ರಾಶಿಯ ಹೊತ್ತಿಗೆ ಬಂದರೆ ಸಾಕು, ಅವಸರವಿಲ್ಲ. ಅಂದ ಹಾಗೆ, ನೀವು ಕಳಿಸಿದ್ದರಲ್ಲಿ ಹನ್ನೊಂದನೆಯ ಪುಟ ಇರಲಿಲ್ಲ. ಗೆಳೆಯ ಮನೆಗೆ ಬರುವ ಭಾಗ ಅದರಲ್ಲಿದೆ ಎಂದು ಕಾಣುತ್ತದೆ. ಅದನ್ನು ಈಗಲೇ ಕಳಿಸಿ, ಓದಬೇಕು.

ನಿಮ್ಮ,
ಸಂಪಾದಕ