ಔಷಧದ ಕೌಂಟರಿನಿಂದ: ಸೊನ್ನೆ ಎಂದರೆ ಸೊನ್ನೆಯೇ

(ಹಾಸನದವರಾದ ನಮ್ಮ ಅಂಕಣಕಾರ್ತಿ 24 ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ಫಾರ್ಮಸಿಸ್ಟ್. ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕ, ಮದುವೆಯಾಗಿ ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಎಚ್-4 ವೀಸಾದಲ್ಲಿ, ಅಂದರೆ ಪತಿಯ ಕೆಲಸದ ವೀಸಾವನ್ನು ಅವಲಂಬಿಸಿದ್ದೇನೆ, ವಿಮೆ ಪತಿಯ ಕಂಪನಿಯದು. ಎರಡು ವರ್ಷ ಮಗು ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದೇವೆ. ವೈದ್ಯರು ಬರೆದುಕೊಟ್ಟ ಗರ್ಭನಿರೋಧಕ ಮಾತ್ರೆಗೆ ಫಾರ್ಮಸಿಯಲ್ಲಿ 48 ಡಾಲರ್ ಕೇಳಿದರು. ಅದು ಉಚಿತವೆಂದು ಗೆಳತಿ ಹೇಳಿದ್ದಳು. ಪ್ರಶ್ನಿಸಲು ಸಂಕೋಚವಾಗಿ ಹಣ ಕೊಟ್ಟು ಬಂದೆ. ಎರಡನೆಯ ತಿಂಗಳು ಹೋಗಲೇ ಇಲ್ಲ.
- ಹೆಸರು ಬೇಡ, ಡಲ್ಲಾಸ್

ಉತ್ತರ: ತಂಗೀ, ನಿಮ್ಮ ಪತ್ರದ ಕೊನೆಯ ವಾಕ್ಯ ಓದಿ ಮನಸ್ಸಿಗೆ ಕಷ್ಟವಾಯಿತು. ಮೊದಲು ವೈದ್ಯರಿಗೆ ಫೋನ್ ಮಾಡಿ. ಮಾತ್ರೆ ನಿಂತುಹೋಗಿದೆ ಎಂದು ತಿಳಿಸಿ, ಮತ್ತೆ ಯಾವ ದಿನ ಶುರು ಮಾಡಬೇಕು, ಅಲ್ಲಿಯವರೆಗೆ ಏನು ಬಳಸಬೇಕು ಎಂದು ಕೇಳಿಕೊಳ್ಳಿ. ಹಣದ ಮಾತು ಆಮೇಲೆ.

ನಿಮ್ಮ ಗೆಳತಿ ಹೇಳಿದ್ದು ನಿಜ. 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮಾ ಸಹಿ ಮಾಡಿದ ಆರೋಗ್ಯ ಕಾನೂನಿನಲ್ಲಿ, ರೋಗ ಬಾರದಂತೆ ತಡೆಯುವ ಸೇವೆಗಳಿಗೆ ವಿಮಾ ಕಂಪನಿ ರೋಗಿಯಿಂದ ಹಣ ಕೇಳಬಾರದೆಂಬ ನಿಯಮವಿದೆ. ಅದರಲ್ಲಿ ಹೆಂಗಸರ ಆರೋಗ್ಯದ ಭಾಗವನ್ನು ಸೇರಿಸಿದವರು ಮೇರಿಲ್ಯಾಂಡಿನ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ. ಗರ್ಭನಿರೋಧಕಗಳೂ ಅದರೊಳಗೆ ಬರುತ್ತವೆ ಎಂದು 2011ರ ಆಗಸ್ಟ್‌ನಲ್ಲಿ ಸರ್ಕಾರ ಹೇಳಿತು. 2012ರ ಆಗಸ್ಟ್ 1ರ ನಂತರ ಶುರುವಾದ ವಿಮಾ ವರ್ಷಗಳಿಂದ ಅದು ಜಾರಿಗೆ ಬಂತು. ಮಾತ್ರೆ, ಗರ್ಭಕೋಶದೊಳಗೆ ಇಡುವ ವಂಕಿ, ಚುಚ್ಚುಮದ್ದು, ತೋಳಿನೊಳಗೆ ಇಡುವ ಕಡ್ಡಿ, ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆ, ಹೀಗೆ ಪ್ರತಿಯೊಂದು ವಿಧದಲ್ಲೂ ಕಡೇಪಕ್ಷ ಒಂದನ್ನಾದರೂ ವಿಮೆ ಪೂರ್ತಿಯಾಗಿ ಭರಿಸಬೇಕು. ಕೋ-ಪೇ (ಪ್ರತಿ ಸಲ ನಾವು ಕೊಡುವ ಪಾಲು) ಇಲ್ಲ, ಡಿಡಕ್ಟಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತ) ತುಂಬುವವರೆಗೆ ಕಾಯಬೇಕಾಗಿಲ್ಲ.

ಇದು ಧರ್ಮಾರ್ಥ ಕೊಡುವುದಲ್ಲ. ನಿಮ್ಮ ಪತಿಯ ಸಂಬಳದಿಂದ ಪ್ರತಿ ಸಲ ಮುರಿದುಕೊಳ್ಳುವ ಕಂತಿನಲ್ಲಿ ಅದರ ಬೆಲೆ ಆಗಲೇ ಸಂದಿದೆ. ಆದ್ದರಿಂದ ಸಂಕೋಚ ಬೇಡ.

ಹಾಗಾದರೆ 48 ಡಾಲರ್ ಏಕೆ? ಕೌಂಟರಿನಲ್ಲಿ ನಾನು ಹೆಚ್ಚಾಗಿ ನೋಡುವ ಕಾರಣ ಒಂದೇ: ವೈದ್ಯರು ಕಂಪನಿಯ ಹೆಸರಿನ ಮಾತ್ರೆ ಬರೆದಿರುತ್ತಾರೆ, ಅದೇ ಔಷಧದ ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದ ಅಗ್ಗದ ರೂಪ, ವಿಮೆಯ ಪಟ್ಟಿಯಲ್ಲಿರುತ್ತದೆ. ಜೆನೆರಿಕ್ ಇರುವಾಗ ಬ್ರ್ಯಾಂಡಿಗೆ ಹಣ ಕೇಳಲು ವಿಮಾ ಕಂಪನಿಗೆ ಅವಕಾಶವಿದೆ. ಫಾರ್ಮಸಿಸ್ಟರನ್ನು ಕೇಳಿ, ಎಷ್ಟೋ ಸಲ ಅಲ್ಲೇ ನಿಂತಲ್ಲೇ ಬದಲಾಯಿಸಿಕೊಡುತ್ತೇವೆ. ಜೆನೆರಿಕ್ ನಿಮ್ಮ ದೇಹಕ್ಕೆ ಒಗ್ಗದಿದ್ದರೆ, ಆ ನಿರ್ದಿಷ್ಟ ಮಾತ್ರೆಯೇ ಬೇಕೆಂದು ವೈದ್ಯರು ವಿಮಾ ಕಂಪನಿಗೆ ಬರೆಯಲಿ. ಅವರ ನಿರ್ಣಯವನ್ನು ಕಂಪನಿ ಒಪ್ಪಿಕೊಂಡು ಸೊನ್ನೆ ದರದಲ್ಲಿಯೇ ಕೊಡಬೇಕು. ಇನ್ನೆರಡು ಕಾರಣಗಳೂ ಇರಬಹುದು: ಆ ಫಾರ್ಮಸಿ ನಿಮ್ಮ ವಿಮೆಯ ಜಾಲದಲ್ಲಿ ಇಲ್ಲದಿರುವುದು, ಅಥವಾ ನಿಮ್ಮ ವಿಮೆ 2010ಕ್ಕಿಂತ ಹಿಂದಿನಿಂದ ಹೆಚ್ಚು ಬದಲಾವಣೆಯಿಲ್ಲದೆ ಮುಂದುವರಿದದ್ದಾಗಿರುವುದು. ರಸೀದಿ ಇಟ್ಟುಕೊಳ್ಳಿ, ತಪ್ಪಾಗಿ ತೆಗೆದುಕೊಂಡಿದ್ದರೆ ವಾಪಸ್ ಕೇಳಬಹುದು. ಕಂಪನಿ ಜಗ್ಗದಿದ್ದರೆ ಉದ್ಯೋಗದ ವಿಮೆಗಳ ಮೇಲಿನ ದೂರನ್ನು ಕೇಂದ್ರ ಕಾರ್ಮಿಕ ಇಲಾಖೆ ಕೇಳುತ್ತದೆ.

ಈ ನಿಯಮ ಬರುವ ಮೊದಲಿನ ದಿನಗಳನ್ನೂ ನಾನು ಕಂಡಿದ್ದೇನೆ. ಪುಟ್ಟ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದ ಒಬ್ಬ ತಾಯಿ 35 ಡಾಲರ್ ಎಂದ ಕೂಡಲೇ ಪರ್ಸ್ ತೆರೆದು, ಎಣಿಸಿ, ಮತ್ತೆ ಮುಚ್ಚಿ, 'ಈ ತಿಂಗಳು ಮಗುವಿನ ಕೆಮ್ಮಿನ ಔಷಧ ಮಾತ್ರ ಕೊಡಿ' ಎಂದಿದ್ದಳು. ಮುಂದಿನ ವರ್ಷ ಅವಳ ಕೈಯಲ್ಲಿ ಇನ್ನೊಂದು ಕೂಸಿತ್ತು. 2013ರ ಜನವರಿಯಲ್ಲಿ ಪರದೆಯ ಮೇಲೆ ಮೊದಲ ಬಾರಿಗೆ ಸೊನ್ನೆ ಬಂದಾಗ ಯಂತ್ರ ತಪ್ಪಿತೇನೋ ಎಂದು ನಾನೇ ಎರಡನೆಯ ಸಲ ಹಾಕಿ ನೋಡಿದೆ.

ನನ್ನ ವೃತ್ತಿಯ ಹೆಣ್ಣುಮಗಳೊಬ್ಬಳನ್ನು ಇಲ್ಲಿ ನೆನೆಯಲೇಬೇಕು. ಜೆನಿಫರ್ ಎರಿಕ್ಸನ್ ಸಿಯಾಟಲ್ ಕಡೆಯ ಬಾರ್ಟೆಲ್ ಔಷಧ ಅಂಗಡಿಗಳಲ್ಲಿ ಫಾರ್ಮಸಿಸ್ಟ್ ಆಗಿದ್ದಳು. ದಿನವಿಡೀ ಬೇರೆಯವರಿಗೆ ಗರ್ಭನಿರೋಧಕ ಕೊಡುತ್ತಿದ್ದ ಆಕೆಗೆ, ಉದ್ಯೋಗದಾತರ ವಿಮೆ ಅದನ್ನೇ ನಿರಾಕರಿಸಿತ್ತು. ಆಕೆ ನ್ಯಾಯಾಲಯಕ್ಕೆ ಹೋದಳು. ಇತರ ಔಷಧಗಳನ್ನು ಭರಿಸಿ ಇದನ್ನು ಮಾತ್ರ ಬಿಡುವುದು ಹೆಂಗಸರಿಗೆ ಮಾಡುವ ತಾರತಮ್ಯವೆಂದು 2001ರಲ್ಲಿ ಕೇಂದ್ರ ನ್ಯಾಯಾಲಯ ಹೇಳಿತು. ಹತ್ತು ವರ್ಷಗಳ ಬಳಿಕ ಬಂದ ನಿಯಮಕ್ಕೆ ಇಂತಹವರು ದಾರಿ ಕಡಿದಿದ್ದರು. ನೀವು ಕೌಂಟರಿನಲ್ಲಿ ಬಾಯಿ ತೆರೆದು ಕೇಳಿದರೆ ಅವರ ಶ್ರಮಕ್ಕೆ ಬೆಲೆ ಬರುತ್ತದೆ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಈ ಕೇಂದ್ರ ನಿಯಮ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಒಳಗೊಂಡಿಲ್ಲ. ಮೇರಿಲ್ಯಾಂಡ್ 2018ರಿಂದ ತನ್ನ ರಾಜ್ಯದ ವಿಮೆಗಳಿಗೆ ಅದನ್ನೂ ಸೇರಿಸಿತು. ಎಲ್ಲ ಕಡೆಯೂ ಸೇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಈ ಹೊಣೆ ಇಬ್ಬರದು.

ಪ್ರಶ್ನೆ: ನನಗೆ 22 ವರ್ಷ. ಹತ್ತನೇ ತರಗತಿಯವರೆಗೆ ಬೆಂಗಳೂರಿನಲ್ಲಿದ್ದೆ, ಈಗ ಕ್ಯಾಲಿಫೋರ್ನಿಯಾ. ವಿಮೆ ಅಪ್ಪನ ಹೆಸರಿನಲ್ಲಿದೆ. ಮಾತ್ರೆ ತೆಗೆದುಕೊಂಡರೆ ಮನೆಗೆ ಕಾಗದ ಹೋಗುತ್ತದೆಯೇ?
- ಸ್ಯಾನ್ ಹೋಸೆ

ಉತ್ತರ: ಹೋಗಬಹುದು ಮಗಳೇ. ಬೆಲೆ ಸೊನ್ನೆಯಾದರೂ ಯಾವ ಸೇವೆ ಪಡೆದಿರಿ ಎಂಬ ವಿವರಪತ್ರ ಸಾಮಾನ್ಯವಾಗಿ ವಿಮೆ ಯಾರ ಹೆಸರಿನಲ್ಲಿದೆಯೋ ಅವರಿಗೇ ಹೋಗುತ್ತದೆ. ನಿನ್ನ ಅದೃಷ್ಟಕ್ಕೆ ನೀನಿರುವ ರಾಜ್ಯದಲ್ಲಿ 2022ರ ಜುಲೈ 1ರಿಂದ ಇಂತಹ ಸೇವೆಗಳ ಕಾಗದವನ್ನು ನೇರವಾಗಿ ನಿನಗೇ ಕಳುಹಿಸಬೇಕೆಂಬ ಕಾನೂನಿದೆ. ಆದರೆ ಅಪ್ಪನ ಕಂಪನಿಯೇ ಸ್ವಂತ ಹಣದಿಂದ ವಿಮೆ ನಡೆಸುತ್ತಿದ್ದರೆ ಅದಕ್ಕೆ ರಾಜ್ಯದ ಕಾನೂನು ಅನ್ವಯಿಸುವುದಿಲ್ಲ. ಮೊದಲೇ ವಿಮಾ ಕಂಪನಿಗೆ ಫೋನ್ ಮಾಡಿ, ನಿನ್ನ ಇಮೇಲ್ ಕೊಟ್ಟು, ಗೋಪ್ಯ ಸಂಪರ್ಕ ಬೇಕೆಂದು ಕೇಳು.

ಪ್ರಶ್ನೆ: ನಾನು ಮಂಗಳೂರಿನವಳು, ಷಿಕಾಗೋದಲ್ಲಿ ಚರ್ಚಿಗೆ ಸೇರಿದ ಆಸ್ಪತ್ರೆಯೊಂದರಲ್ಲಿ ನರ್ಸ್. ಪಿಸಿಓಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ಕಾಯಿಲೆ) ಇರುವುದರಿಂದ ವೈದ್ಯರು ಮಾತ್ರೆ ಬರೆದಿದ್ದಾರೆ. ನಮ್ಮ ವಿಮೆ ಭರಿಸುವುದಿಲ್ಲ ಎನ್ನುತ್ತಾರೆ. ಇದು ಸರಿಯೇ ಅಕ್ಕ?
- ಒಬ್ಬ ಓದುಗಳು

ಉತ್ತರ: ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಸಿಕ್ಕಿದ್ದುಂಟು, ಆದರೆ ಅದು ಎಲ್ಲಿಯವರೆಗೆ ಎಂಬುದರ ಮೇಲೆ ವ್ಯಾಜ್ಯ ನಡೆದೇ ಇದೆ. ಹಾಬಿ ಲಾಬಿ ಎಂಬ ಅಂಗಡಿಗಳ ಕಂಪನಿಯ ಮೊಕದ್ದಮೆಯ 2014ರ ತೀರ್ಪಿನಲ್ಲಿ, ಕೆಲವೇ ಜನರ ಹಿಡಿತದಲ್ಲಿರುವ ಖಾಸಗಿ ಕಂಪನಿಗಳೂ ಧಾರ್ಮಿಕ ನಂಬಿಕೆಯ ಮೇಲೆ ಹಿಂದೆ ಸರಿಯಬಹುದೆಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. 2017ರಲ್ಲಿ ಸರ್ಕಾರ ವಿನಾಯಿತಿಯನ್ನು ಇನ್ನಷ್ಟು ಹಿಗ್ಗಿಸಿತು, ಅದಕ್ಕೆ ಸರ್ಕಾರಕ್ಕೆ ಅಧಿಕಾರವಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2025ರ ಆಗಸ್ಟ್‌ನಲ್ಲಿ ಕೆಳಗಿನ ಕೇಂದ್ರ ನ್ಯಾಯಾಲಯವೊಂದು ಆ ಹಿಗ್ಗಿಸಿದ ನಿಯಮಗಳನ್ನು ರದ್ದುಪಡಿಸಿತು. ನಿಮ್ಮ ಆಸ್ಪತ್ರೆಯವರ ನಂಬಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ರಾತ್ರಿ ಪಾಳಿ ಮಾಡಿ ದುಡಿದವರು ನೀವು, ವಿಮೆ ಆ ದುಡಿಮೆಯ ಭಾಗ. ನಿಮ್ಮ ದೇಹದ ನಿರ್ಧಾರ ಬೇರೆಯವರ ಕೈಗೆ ಹೋಗುವುದನ್ನು ನಾನು ಒಪ್ಪಲಾರೆ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಬಾಗಿಲಿದೆ. ಮಾತ್ರೆ ನಿಮಗೆ ಕಾಯಿಲೆಯ ಚಿಕಿತ್ಸೆ. ಚಿಕಿತ್ಸೆಗೆ ಬರೆದದ್ದನ್ನು ಅನೇಕ ಧಾರ್ಮಿಕ ಸಂಸ್ಥೆಗಳ ವಿಮೆಯೂ ಭರಿಸುತ್ತದೆ. ಪಿಸಿಓಎಸ್ ಎಂದು ರೋಗದ ಹೆಸರನ್ನು ಸ್ಪಷ್ಟವಾಗಿ ನಮೂದಿಸಿದ ಪತ್ರವನ್ನು ವೈದ್ಯರಿಂದ ಪಡೆಯಿರಿ. 2012ರಲ್ಲಿ ಜಾರ್ಜ್‌ಟೌನ್ ಕಾನೂನು ವಿದ್ಯಾರ್ಥಿನಿ ಸಾಂಡ್ರಾ ಫ್ಲೂಕ್ ಸಂಸದರ ಮುಂದೆ ತನ್ನ ಗೆಳತಿಯ ಕಥೆ ಹೇಳಿದ್ದಳು. ಆ ಗೆಳತಿಗೂ ಇದೇ ಕಾಯಿಲೆ. ಮಾತ್ರೆಗೆ ವಿಮೆ ಮತ್ತೆ ಮತ್ತೆ ನಿರಾಕರಿಸಿ, ಕೈಯಿಂದ ಕೊಳ್ಳಲಾಗದೆ ನಿಲ್ಲಿಸಿದಳು, ಕೊನೆಗೆ ಒಂದು ಅಂಡಾಶಯವನ್ನೇ ತೆಗೆಯಬೇಕಾಯಿತು. ಆದ್ದರಿಂದ ಒಮ್ಮೆ 'ಇಲ್ಲ' ಎಂದರೆ ಬಿಡಬೇಡಿ, ಬರೆಹದಲ್ಲಿ ಮೇಲ್ಮನವಿ ಕೊಡಿ. ಪತಿಗೆ ಬೇರೆ ಕಡೆ ಕೆಲಸವಿದ್ದರೆ ಅವರ ವಿಮೆಗೆ ಸೇರುವ ಅವಕಾಶವನ್ನೂ ನೋಡಿ. 2024ರ ಮಾರ್ಚ್‌ನಿಂದ ವೈದ್ಯರ ಚೀಟಿಯಿಲ್ಲದೆ ಸಿಗುವ ಓಪಿಲ್ ಎಂಬ ಗರ್ಭನಿರೋಧಕ ಮಾತ್ರೆ ತಿಂಗಳಿಗೆ 20 ಡಾಲರಿನ ಆಸುಪಾಸು ಇದೆ. ಆದರೆ ಅದರಲ್ಲಿ ಒಂದೇ ಹಾರ್ಮೋನ್ ಇದೆ, ನಿಮ್ಮ ಕಾಯಿಲೆಗೆ ಬರೆದ ಮಾತ್ರೆಯ ಬದಲಿಗೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಈ ನಿಯಮದ ಬಗ್ಗೆ ಬರೆದಿದ್ದಿರಿ. ಎರಡನೆಯ ಹೆರಿಗೆಯ ನಂತರ ವಂಕಿ ಹಾಕಿಸಿಕೊಳ್ಳಬೇಕೆಂದಿದ್ದೇನೆ. ವರ್ಷವರ್ಷವೂ ಕಂತು ಕಟ್ಟುತ್ತೇವೆ, ಆದರೂ ಅದರ ಖರ್ಚು ವಿಮೆಯಲ್ಲಿ ಬರುವುದಿಲ್ಲ ಎಂದು ವಿಮೆಯವರು ಹೇಳಿದರು. ನಮಗೇಕೆ ಇಲ್ಲ?
- ಗೃಹಿಣಿ, ದಾವಣಗೆರೆ

ಉತ್ತರ: ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು ಗೊತ್ತುಪಡಿಸಿದ ಹೊರಗಿಡುವ ಬಾಬುಗಳಲ್ಲಿ 17ನೆಯದು ಇದೇ: ಗರ್ಭನಿರೋಧ, ಸಂತಾನಹರಣ, ಬಂಜೆತನದ ಚಿಕಿತ್ಸೆ. ನಿಮ್ಮ ಪಾಲಿಸಿಯಲ್ಲಿಯೂ ಆ ಸಾಲು ಇರುತ್ತದೆ. ಹೆರಿಗೆಯ ಖರ್ಚು ಕೊಡುವ ಪಾಲಿಸಿಗಳು ಕೂಡ ಹೆರಿಗೆಗಳ ನಡುವೆ ಅಂತರ ಇಡುವ ಖರ್ಚು ಕೊಡದಿರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಅದು ಬದಲಾಗಬೇಕು.

ಆದರೆ ನಮ್ಮ ನಾಡಿಗೆ ಇದರಲ್ಲಿ ಹಳೆಯ ಹಿರಿಮೆಯೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರಲ್ಲಿಯೇ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತ್ತು. ಅಮೆರಿಕದಲ್ಲಿ ಮೊದಲ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು ಅದಾಗಿ 30 ವರ್ಷಕ್ಕೆ. ಇಂದಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಛಾಯಾ ಮಾತ್ರೆ, ಎಲ್ಲವೂ ಉಚಿತ. ವಿಮೆಯ ಕಾರ್ಡ್ ಬೇಕಾಗಿಲ್ಲ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹಾಕುವುದು 380ಎ ಮಾದರಿಯ ಕಾಪರ್-ಟಿ ಆದರೆ 10 ವರ್ಷ, 375 ಆದರೆ 5 ವರ್ಷ ಬರುತ್ತದೆ. ಯಾವುದು ಹಾಕಿದರು, ಯಾವ ದಿನ ಹಾಕಿದರು ಎಂದು ಕಾರ್ಡಿನಲ್ಲಿ ಬರೆಸಿಕೊಂಡು, ಮಕ್ಕಳ ಲಸಿಕೆಯ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.