ಸರ್ಕಾರ ವೃದ್ಧಾಪ್ಯ ವೇತನ ಕೊಡೋದು ಸರಿಯೇ? ತೆರಿಗೆ ಹಣ ದಂಡ ಅಲ್ವಾ?

ಕೊಡಲೇಬೇಕು ಅನ್ನುವುದು ನನ್ನ ಉತ್ತರ. ಇದು ಭಿಕ್ಷೆಯಲ್ಲ. ಮುಪ್ಪು, ಕಾಯಿಲೆ, ನಿರುದ್ಯೋಗದ ಹೊತ್ತಲ್ಲಿ ಸರ್ಕಾರ ತನ್ನ ಶಕ್ತಿಯಿದ್ದಷ್ಟು ನೆರವಾಗಬೇಕು ಎಂದು ಸಂವಿಧಾನದ 41ನೇ ವಿಧಿಯೇ ಹೇಳುತ್ತದೆ.

‘ದುಡಿಯುವಾಗಲೇ ಉಳಿಸಬೇಕಿತ್ತು’ ಅಂತ ಕೆಲವರು ಹೇಳುತ್ತಾರೆ. ನಮ್ಮ ಬೀದಿಯ ಅಜ್ಜಿಯೊಬ್ಬರು ನಲವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತವರು. ಅವತ್ತಿನ ಕೂಲಿ ಅವತ್ತಿನ ಹಿಟ್ಟಿಗೇ ಸಾಲುತ್ತಿರಲಿಲ್ಲ. ಇನ್ನು ಉಳಿಸುವುದೆಲ್ಲಿ? ಈಗ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಬಿಪಿ ಮಾತ್ರೆ, ಎಲೆ ಅಡಿಕೆ, ಮೊಮ್ಮಗಳ ಕೈಗೆ ಹತ್ತು ರೂಪಾಯಿ. ಸೊಸೆಯ ಮುಂದೆ ಕೈ ಚಾಚುವುದು ತಪ್ಪಿದೆ. ಒಂದು ತಿಂಗಳು ಹೆಬ್ಬೆಟ್ಟಿನ ಗುರುತು ಯಂತ್ರದಲ್ಲಿ ಹೊಂದಲಿಲ್ಲ ಎಂದು ಬರಿಗೈಲಿ ವಾಪಸ್ ಬಂದರು. ದುಡಿದು ದುಡಿದು ಬೆರಳಿನ ಗೆರೆಯೇ ಸವೆದುಹೋಗಿತ್ತು.

ಹಣ ಎಲ್ಲಿಂದ ತರಬೇಕು ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಉಳ್ಳವರಿಗೂ ಹಂಚಬೇಕಾ ಅನ್ನುವ ಚರ್ಚೆಯೂ ಆಗಲಿ. ಆದರೆ ಬಡವರು ತೆರಿಗೆ ಕಟ್ಟುವುದಿಲ್ಲ ಅಂತ ಸುಮ್ನೆ ಹೇಳಬೇಡಿ. ಸೋಪು ಕೊಂಡಾಗಲೂ ಅವರು ಜಿಎಸ್‌ಟಿ ಕಟ್ಟುತ್ತಾರೆ.

ನನಗೆ ನೋವಾಗುವುದು ಮೊತ್ತ ನೋಡಿದಾಗ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ ಬರೀ 200 ರೂಪಾಯಿ. 80 ತುಂಬಿದರೆ 500. ಹತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇದು ಅಷ್ಟೇ ಇದೆ. ಸರ್ಕಾರಿ ನೌಕರರ ತುಟ್ಟಿಭತ್ಯೆಯಂತೆ, ಬೆಲೆ ಏರಿದ ಹಾಗೆ ಈ ಹಣವೂ ಏರಬೇಕು.