ತುಂಟ ಅಕ್ಷರಕ್ಕೆ ಒತ್ತಕ್ಷರದ ಪರೀಕ್ಷೆ

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಇಪ್ಪತ್ತು ವರ್ಷಗಳಿಂದ ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಅತ್ತೆಯವರೂ ನಾನೂ ಸೇರಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ಶೇಂಗಾ ಹೋಳಿಗೆ ಮಾಡಿ ಸೊಸೈಟಿಯವರಿಗೆ ಕೊಡುತ್ತಿದ್ದೆವು. ಈಗ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಗಾಳಾ (ಅಂಗಡಿ ಮಳಿಗೆ) ಬಾಡಿಗೆಗೆ ಹಿಡಿಯುವವರಿದ್ದೇವೆ. ಮೈದುನನ ಮಗ ನಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗುಂಡಗುಂಡಗೆ ಕುಣಿಯುವಂಥ ಒಂದು ಫಾಂಟಿನಲ್ಲಿ ಬರೆದು ತಂದಿದ್ದಾನೆ. ನನಗೆ ಅದು ಬಹಳ ಹಿಡಿಸಿದೆ, ಆದರೆ ಅದರಲ್ಲಿ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಇಂಥ ಅಕ್ಷರ ಆಟಿಕೆಯ ಅಂಗಡಿಗೆ ಸರಿ, ತಿಂಡಿಗಲ್ಲ ಎಂಬುದು ನಮ್ಮ ಯಜಮಾನರ ಮಾತು. ನಮ್ಮ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಯಾವ ಫಾಂಟನ್ನು ಆರಿಸಿಕೊಳ್ಳಲಿ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಮೊದಲು ಯಜಮಾನರ ಆಕ್ಷೇಪಕ್ಕೆ ಉತ್ತರಿಸುತ್ತೇನೆ. ಚಕ್ಕುಲಿಯೇ ಸುರುಳಿ ಸುತ್ತಿಕೊಂಡು ಕೂತ ತಿಂಡಿಯಾಗಿರುವಾಗ ಅದರ ಹೆಸರನ್ನು ಕಚೇರಿಯ ಸುತ್ತೋಲೆಯ ಅಕ್ಷರದಲ್ಲಿ ಬರೆಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ತುಂಟ ಅಕ್ಷರ ತಿಂಡಿಗೆ ಒಪ್ಪುತ್ತದೆ. ಆದರೆ ಅದು ಹೆಸರಿಗೆ ಮಾತ್ರ ಮೀಸಲಾಗಿರಬೇಕು. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಪರವಾನಗಿ ಸಂಖ್ಯೆ ಇವೆಲ್ಲವೂ ಕುಣಿಯತೊಡಗಿದರೆ ಯಜಮಾನರ ಮಾತೇ ನಿಜವಾಗುತ್ತದೆ.

ಇನ್ನು ನಿಮ್ಮ ನಿಜವಾದ ತೊಡಕಿಗೆ ಬರೋಣ. ಇಂಗ್ಲಿಷ್ ಅಕ್ಷರ ನೋಡಿ ಮನಸ್ಸು ಕೊಟ್ಟು, ಆಮೇಲೆ ಅದಕ್ಕೆ ಹೊಂದುವ ಕನ್ನಡವನ್ನು ಹುಡುಕಲು ಹೊರಟಿದ್ದೀರಿ. ಈ ಕ್ರಮವನ್ನು ತಿರುವುಮುರುವು ಮಾಡಿ, ಎಲ್ಲಕ್ಕಿಂತ ಕಷ್ಟದ ಲಿಪಿಯಿಂದ ಆರಂಭಿಸಬೇಕು. ನಿಮ್ಮ ಮಟ್ಟಿಗೆ ಅದು ಕನ್ನಡ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ, ದೇವನಾಗರಿಯವು ಶಿರೋರೇಖೆಗೆ ಜೋತುಬೀಳುತ್ತವೆ, ಆದರೆ ಕನ್ನಡದ ಅಕ್ಷರ ಮೇಲೆ ತಲೆಕಟ್ಟು, ಬಲಕ್ಕೆ ಕೊಂಬು, ಕೆಳಗೆ ಒತ್ತು ಹೀಗೆ ಮೂರು ದಿಕ್ಕಿಗೂ ಬೆಳೆಯುತ್ತದೆ. ‘ಚಕ್ಕುಲಿ’ಯ ನಡುವಿನ ಅಕ್ಷರವನ್ನೇ ನೋಡಿ: ಕಕಾರ, ಅದರ ಅಡಿಯಲ್ಲಿ ಇನ್ನೊಂದು ಕಕಾರ, ಪಕ್ಕದಲ್ಲಿ ಕೊಂಬು. ‘ನಿಪ್ಪಟ್ಟು’ ಎಂದು ಬರೆದರೆ ಎರಡು ಒತ್ತುಗಳು ಅಕ್ಕಪಕ್ಕದಲ್ಲೇ ನೇತಾಡುತ್ತವೆ. ದಪ್ಪ ಫಾಂಟಿನಲ್ಲಿ ಈ ಒತ್ತುಗಳಿಗೆ ಜಾಗ ಸಾಲದೆ ಅವು ಒಂದನ್ನೊಂದು ಮುಟ್ಟುತ್ತವೆ, ಇಲ್ಲವೇ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ನಿಮ್ಮ ಹೆಸರಿನಲ್ಲಿ ಎರಡು ಒತ್ತುಗಳಿವೆಯೆಂದು ನೀವೇ ಬರೆದಿರುವುದರಿಂದ ಅದನ್ನು ಒಂದೇ ಸಾಲಿನಲ್ಲಿ ಇಟ್ಟುಕೊಳ್ಳುವುದು ಲೇಸು.

ದಪ್ಪ ಅಕ್ಷರದಲ್ಲಿ ಇನ್ನೊಂದು ಅಪಾಯವಿದೆ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಪುಟ್ಟ ಸೀಳು ಮಾತ್ರ. ಅಕ್ಷರ ಉಬ್ಬಿದಷ್ಟೂ ಆ ಸೀಳು ಕಿರಿದಾಗುತ್ತದೆ, ಕಂದು ಕಾಗದದ ಪೊಟ್ಟಣದ ಮೇಲೆ ಶಾಯಿ ಹರಡಿದರೆ ಮುಚ್ಚಿಯೇ ಹೋಗುತ್ತದೆ. ಆದ್ದರಿಂದ ಹೆಸರನ್ನು ಕಂಪ್ಯೂಟರಿನ ಪರದೆಯಲ್ಲಿ ದೊಡ್ಡದಾಗಿ ನೋಡಿ ಒಪ್ಪಬೇಡಿ. ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಇಳಿಸಿ, ನಿಮ್ಮ ಪೊಟ್ಟಣದ ಕಾಗದದ ಮೇಲೆಯೇ ಮುದ್ರಿಸಿ, ತೋಳಿನಳತೆಯಲ್ಲಿ ಹಿಡಿದು ಅತ್ತೆಯವರಿಂದ ಓದಿಸಿ. ವಾಟ್ಸ್ಯಾಪ್‌ನ ಗುಂಡು ಚಿತ್ರದಲ್ಲಿ ನಿಮ್ಮ ಹೆಸರು ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ ಕಾಣುವುದು.

ಫಾಂಟಿನ ಹೆಸರನ್ನೇ ಹೇಳಬೇಕೆಂದರೆ, ನಾನು ಮೊದಲು ‘ಬಲೂ ತಮ್ಮ 2’ ಅನ್ನು ಪ್ರಯತ್ನಿಸುತ್ತೇನೆ. ಇದು ಮುಂಬಯಿಯ ಏಕ್ ಟೈಪ್ ಸಂಸ್ಥೆಯವರು ರೂಪಿಸಿದ, ಮೂಲೆಗಳೆಲ್ಲ ದುಂಡಗಿರುವ, ನಗುಮುಖದ ಫಾಂಟ್. ಭಾರತದ ಹಲವು ಲಿಪಿಗಳಲ್ಲಿ ಇದಕ್ಕೆ ಸೋದರರಿದ್ದಾರೆ: ತೆಲುಗಿನದು ‘ತಮ್ಮುಡು’, ತಮಿಳಿನದು ‘ತಂಬಿ’, ಗುಜರಾತಿಯದು ‘ಭಾಯ್’, ಕನ್ನಡದ್ದು ‘ತಮ್ಮ’. ದೇವನಾಗರಿಯದನ್ನು ‘ಬಲೂ 2’ ಎಂದಷ್ಟೇ ಕರೆಯುತ್ತಾರೆ. ಎಲ್ಲದರಲ್ಲೂ ಇಂಗ್ಲಿಷ್ ಅಕ್ಷರಗಳೂ ಸೇರಿವೆ, ಸಾಧಾರಣದಿಂದ ಬಹು ದಪ್ಪದವರೆಗೆ ದಪ್ಪದ ಐದು ಮೆಟ್ಟಿಲುಗಳಿವೆ. ಒಂದೇ ಮನೆಯ ಮಕ್ಕಳಾದ್ದರಿಂದ ಮೂರು ಲಿಪಿಗಳಲ್ಲಿ ಬರೆದರೂ ನಿಮ್ಮ ಹೆಸರು ಒಬ್ಬರದೇ ದನಿಯಂತೆ ಕೇಳಿಸುತ್ತದೆ. ಬಹು ದಪ್ಪದ್ದನ್ನು ಬಿಟ್ಟು ಒಂದು ಮೆಟ್ಟಿಲು ಕೆಳಗಿನದನ್ನು ಹಿಡಿದರೆ ಒತ್ತುಗಳು ಉಸಿರಾಡುತ್ತವೆ.

ಅದೇ ಸಂಸ್ಥೆಯ ‘ಮೋದಕ’ವಂತೂ ಹೆಸರಿಗೆ ತಕ್ಕಂತೆ ಉಬ್ಬಿದ ಅಕ್ಷರ, ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಅದು ದೇವನಾಗರಿ ಮತ್ತು ಇಂಗ್ಲಿಷಿಗೆ ಸೀಮಿತವಾದ್ದರಿಂದ ನಿಮಗೆ ಒದಗುವುದಿಲ್ಲ. ‘ಅಕಾಯ ಕನಡಕ’ ಕನ್ನಡದಲ್ಲಿ ನಿಜಕ್ಕೂ ಚೆಲುವಾಗಿದೆ, ಬಲೂವಿಗಿಂತ ಹೆಚ್ಚು ವಿಲಾಸ ಅದರಲ್ಲಿದೆ. ಬೆಂಗಳೂರಿನಲ್ಲಿ ಅಂಗಡಿ ತೆರೆಯುವವರಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಅದರಲ್ಲಿ ದೇವನಾಗರಿ ಇಲ್ಲ, ಡೊಂಬಿವಲಿಯಲ್ಲಿ ದೇವನಾಗರಿ ಇಲ್ಲದೆ ಆಗುವುದಿಲ್ಲ. ಗಿರಾಕಿಗಳಿಗಾಗಿ ಮಾತ್ರ ಈ ಮಾತನ್ನು ಹೇಳುತ್ತಿಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯಿಂದ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಯ ನಾಮಫಲಕದಲ್ಲೂ ಮರಾಠಿ ಇರಲೇಬೇಕು, ಮತ್ತು ಬೇರೆ ಲಿಪಿಯ ಅಕ್ಷರಗಳು ಮರಾಠಿಯ ಅಕ್ಷರಗಳಿಗಿಂತ ದೊಡ್ಡದಾಗಿರಕೂಡದು. 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಪಾಲಿಸಲು ಅಂಗಡಿಯವರಿಗೆ ಎರಡು ತಿಂಗಳ ಗಡುವು ಕೊಟ್ಟಿತ್ತು. ಗಾಳಾಕ್ಕೆ ಬೋರ್ಡು ಬರೆಸುವಾಗ ಈ ಅಳತೆ ನೆನಪಿರಲಿ. ಕನ್ನಡದ ಒತ್ತುಗಳನ್ನೂ ಸೇರಿಸಿ ಅಳೆದರೆ ಕನ್ನಡವೇ ಎತ್ತರವೆಂದು ತೋರಬಹುದಾದ್ದರಿಂದ ಮರಾಠಿಯನ್ನು ಒಂದಿಷ್ಟು ದೊಡ್ಡದಾಗಿಯೇ ಬರೆಸಿ. ಬೋರ್ಡು ಏರುವ ಮೊದಲು ನೆರೆಮನೆಯ ಮರಾಠಿಯವರಿಗೊಮ್ಮೆ ತೋರಿಸಿ, ಏಕೆಂದರೆ ‘ಲ’ ಮತ್ತು ‘ಶ’ ಅಕ್ಷರಗಳನ್ನು ಮರಾಠಿಯವರು ಬರೆಯುವ ಬಗೆ ಹಿಂದಿಯವರದಕ್ಕಿಂತ ಬೇರೆ.

ಪೊಟ್ಟಣದ ಸಣ್ಣ ಅಕ್ಷರಗಳಿಗೆ ‘ಅನೇಕ್’ ಸಾಕು. ಕನ್ನಡ, ದೇವನಾಗರಿ ಸೇರಿದಂತೆ ಹತ್ತು ಲಿಪಿಗಳಲ್ಲಿರುವ ಇದರಲ್ಲಿ ಕಿರಿದಾದ ಅಗಲದ ರೂಪವೂ ಇರುವುದರಿಂದ ಉದ್ದನೆಯ ಪಟ್ಟಿ ಚಿಕ್ಕ ಜಾಗದಲ್ಲಿ ಕೂರುತ್ತದೆ. ಕಾನೂನು ಕೇಳುವ ವಿವರಗಳು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇರಬೇಕು, ಕನ್ನಡವನ್ನು ಅದರ ಜೊತೆಗೆ ಸೇರಿಸಬಹುದು.

ಕೊನೆಯದಾಗಿ ಮುದ್ರಣಾಲಯ. ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭಕ್ಕೆ ನಾನು ಐನೂರು ಆಹ್ವಾನ ಪತ್ರಿಕೆಗಳನ್ನು ಮುದ್ರಿಸಲು ಕೊಟ್ಟಿದ್ದೆ. ನಾನು ಕಳಿಸಿದ ಕಡತವನ್ನು ಅಲ್ಲಿಯ ಹಳೆಯ ತಂತ್ರಾಂಶದಲ್ಲಿ ತೆರೆದಾಗ ಒತ್ತುಗಳೆಲ್ಲ ಬಿಡಿಯಾಗಿ ‘ಚಕ್‌ಕುಲಿ’ಯಂತೆ ಪಕ್ಕಕ್ಕೆ ಬಂದು ನಿಂತಿದ್ದವು, ಕನ್ನಡ ಬಾರದ ಮುದ್ರಕರಿಗೆ ಅದು ತಪ್ಪೆಂದು ತಿಳಿಯಲಿಲ್ಲ. ಕರಡು ನೋಡದೆ ಒಪ್ಪಿಗೆ ಕೊಟ್ಟ ತಪ್ಪು ನನ್ನದೂ ಹೌದು. ಮೈದುನನ ಮಗನಿಗೆ ಹೇಳಿ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಬರೀ ಗೆರೆಗಳ ಆಕಾರಕ್ಕೆ ಬದಲಿಸಿ, ಪಿಡಿಎಫ್ ಮಾಡಿಸಿಯೇ ಕಳಿಸಿ. ಆಗ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗುತ್ತದೆ, ಯಾರ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ.

ಪ್ರಶ್ನೆ: ಮಕ್ಕಳ ಬಟ್ಟೆ ಹೊಲಿದು ಮಾರುತ್ತೇನೆ. ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಂಡ ಫಾಂಟಿನಲ್ಲಿ ಲೋಗೋ ಮಾಡಿಸಿದರೆ ಮುಂದೆ ತೊಂದರೆಯಾದೀತೆ?
– ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಉಚಿತ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅನೇಕ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಉಚಿತ; ವ್ಯಾಪಾರದ ಲೋಗೋಗೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಮೇಲೆ ಹೇಳಿದ ಬಲೂ, ಅನೇಕ್ ಮೊದಲಾದವು ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ಅವನ್ನು ಲೋಗೋದಲ್ಲೂ ಬಟ್ಟೆಯ ಮೇಲೂ ಹಣ ಕೊಡದೆ ಬಳಸಬಹುದು. ಫಾಂಟನ್ನೇ ಸರಕಾಗಿ ಮಾರುವಂತಿಲ್ಲ, ಅಷ್ಟೇ. ಫಾಂಟಿನ ಜೊತೆ ಬರುವ ಪರವಾನಗಿಯ ಕಡತವನ್ನು ಅಳಿಸದೆ ನಿಮ್ಮ ಲೋಗೋ ಇರುವ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ಇಂಥ ಫಾಂಟನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ ಪಕ್ಕದ ಬೀದಿಯ ಅಂಗಡಿಯ ಮೇಲೂ ಅದೇ ಅಕ್ಷರ ಕಂಡೀತು. ಹೆಸರಿನ ಯಾವುದಾದರೊಂದು ಅಕ್ಷರದ ಕೊಂಬನ್ನೋ ದೀರ್ಘವನ್ನೋ ದಾರದ ಎಳೆಯಂತೆ ಎಳೆದು ತಿದ್ದಿಸಿದರೆ ಅದು ನಿಮ್ಮದಾಗುತ್ತದೆ.